ಬಿಡದಿಯ ವಂಡರ್‌ಲಾ ರೆಸಾರ್ಟೋ, ಹೈದರಾಬಾದಿನ ರಾಮೋಜಿ ಫಿಲ್ಮ್ ಸಿಟಿಯೋ? ಅತ್ತೆಯವರೂ ಮಕ್ಕಳೂ ಜೊತೆಗಿರುವ ಪ್ರವಾಸಕ್ಕೆ ಸಲಹೆ ಬೇಕು

ಪ್ರಶ್ನೆ: ಕಾಫಿಹೂ, ಮೂಡಿಗೆರೆ

ಎಲ್ಲರಿಗೂ ನಮಸ್ಕಾರ. ನಾವು ಮೂಡಿಗೆರೆ ತಾಲ್ಲೂಕಿನ ಸಣ್ಣ ಬೆಳೆಗಾರರು. ಕಾಫಿ ಕೊಯ್ಲು, ಅದರ ಬೆನ್ನಿಗೇ ಕಾಳುಮೆಣಸು, ಆಮೇಲೆ ಹೂಮಳೆಗೆ ಕಾಯುವುದು, ಹೀಗೆ ನವೆಂಬರಿನಿಂದ ಏಪ್ರಿಲ್‌ವರೆಗೆ ತೋಟ ಬಿಟ್ಟು ಕದಲಲು ಆಗದ ಕಾರಣ, ಕಳೆದ ನಾಲ್ಕು ವರ್ಷಗಳಲ್ಲಿ ಮಕ್ಕಳನ್ನು ಧರ್ಮಸ್ಥಳ, ಹೊರನಾಡು ಬಿಟ್ಟರೆ ಬೇರೆಲ್ಲಿಗೂ ಕರೆದುಕೊಂಡು ಹೋಗಿಲ್ಲ. ಈ ವರ್ಷ ಮೂರು ದಿನವಾದರೂ ಎಲ್ಲರೂ ಒಟ್ಟಿಗೆ ಹೊರಗೆ ಇದ್ದು ಬರಬೇಕೆಂದು ನಮ್ಮ ಯಜಮಾನರು ಹಣ ಎತ್ತಿಟ್ಟಿದ್ದಾರೆ. ಹೋಗುವ ಜಾಗದ ಬಳಿಯೇ ಉಳಿಯುವ ವ್ಯವಸ್ಥೆಯೂ ಇರಬೇಕು ಎಂಬ ಲೆಕ್ಕದಲ್ಲಿ ಎರಡನ್ನು ಆರಿಸಿಕೊಂಡಿದ್ದೇವೆ. ಒಂದು ಬಿಡದಿಯ ವಂಡರ್‌ಲಾ, ಅಲ್ಲಿ ಪಾರ್ಕಿಗೆ ಹೊಂದಿಕೊಂಡೇ ರೆಸಾರ್ಟ್ ಇದೆ. ಇನ್ನೊಂದು ಹೈದರಾಬಾದಿನ ರಾಮೋಜಿ ಫಿಲ್ಮ್ ಸಿಟಿ, ಅಲ್ಲಿ ಆವರಣದೊಳಗೇ ಹೋಟೆಲುಗಳಿವೆ. ಮೈಸೂರಿನ ಜಿ.ಆರ್.ಎಸ್. ಪಾರ್ಕಿಗೆ ಮಗಳು ಶಾಲೆಯವರ ಜೊತೆ ಹೋಗಿ ಬಂದಿದ್ದಾಳೆ, ಹಾಗಾಗಿ ಅದನ್ನು ಬಿಟ್ಟಿದ್ದೇವೆ.

ಹೊರಡುವವರು ಐದು ಜನ. ನಾವಿಬ್ಬರು, ಆರನೆಯ ತರಗತಿಯ ಮಗಳು, ಐದು ವರ್ಷದ ಮಗ ಮತ್ತು ಅರವತ್ತೆಂಟು ವರ್ಷದ ಅತ್ತೆಯವರು. ಅತ್ತೆಯವರಿಗೆ ಮಂಡಿನೋವಿದೆ. ಅರ್ಧ ಗಂಟೆ ನಿಧಾನವಾಗಿ ನಡೆಯಬಲ್ಲರು, ಆಮೇಲೆ ಕೂರಲೇಬೇಕು. ಮಗಳದ್ದು ಬೇರೆಯೇ ಸಮಸ್ಯೆ. ಅಡುಗೆಮನೆಯ ಬಾಗಿಲ ಚೌಕಟ್ಟಿನ ಮೇಲೆ ಪೆನ್ಸಿಲಿನಲ್ಲಿ ಅವಳ ಎತ್ತರದ ಗೆರೆ ಎಳೆಯುವುದು ನಮ್ಮ ಮನೆಯ ರೂಢಿ. ಯುಗಾದಿಯ ದಿನ ಎಳೆದ ಗೆರೆ 138 ಸೆಂಟಿಮೀಟರಿಗೆ ನಿಂತಿದೆ. ವಂಡರ್‌ಲಾದ ದೊಡ್ಡ ಆಟಗಳಿಗೆ 140 ಬೇಕೆಂದು ಗೆಳತಿ ಹೇಳಿದ ದಿನದಿಂದ ಅವಳು ವಾರಕ್ಕೆರಡು ಸಲ ಆ ಚೌಕಟ್ಟಿಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದಾಳೆ.

ಏಪ್ರಿಲ್ ಕೊನೆಯ ವಾರ ಇಲ್ಲವೇ ದಸರಾ ರಜೆ, ಇವೆರಡೇ ನಮಗೆ ಅನುಕೂಲವಾದ ಸಮಯ. ಎರಡೂ ಕಡೆ ಹೋಗಿ ಬಂದವರು, ಅದರಲ್ಲೂ ವಯಸ್ಸಾದವರನ್ನು ಕರೆದುಕೊಂಡು ಹೋದವರು ದಯವಿಟ್ಟು ತಿಳಿಸಬೇಕು.

ಉತ್ತರ 1: ಯಗಚಿ, ಚಿಕ್ಕಮಗಳೂರು

ಎರಡೂ ಕಡೆ ಉಳಿದು ಬಂದಿರುವುದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಬಿಡದಿಯ ವಂಡರ್‌ಲಾ 2005ರಲ್ಲಿ ಶುರುವಾದ ಪಾರ್ಕು. ಎಂಬತ್ತಕ್ಕೂ ಹೆಚ್ಚು ಎಕರೆ ಜಾಗದಲ್ಲಿ ಅರವತ್ತಕ್ಕೂ ಮೇಲ್ಪಟ್ಟು ಆಟಗಳಿವೆ. 2012ರಲ್ಲಿ ಅದರ ಪಕ್ಕದಲ್ಲೇ ರೆಸಾರ್ಟ್ ಕಟ್ಟಿದರು. ಅಲ್ಲಿ ಉಳಿಯುವುದರ ದೊಡ್ಡ ಅನುಕೂಲವೆಂದರೆ, ನೀರಾಟ ಮುಗಿಸಿ ಒದ್ದೆಯಾಗಿ ನಡುಗುವ ಮಗುವನ್ನು ಹತ್ತೇ ನಿಮಿಷದಲ್ಲಿ ಕೋಣೆಗೆ ಕರೆದುಕೊಂಡು ಹೋಗಿ, ಮೈ ಒರೆಸಿ ಮಲಗಿಸಬಹುದು. ಐದು ವರ್ಷದ ಮಗುವಿರುವ ಮನೆಯವರಿಗೆ ಇದರ ಬೆಲೆ ಏನೆಂದು ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೆ ಗೊತ್ತಾಗುತ್ತದೆ.

ಎತ್ತರದ ವಿಷಯದಲ್ಲಿ ನಿಮ್ಮ ಮಗಳ ಗೆಳತಿ ಹೇಳಿದ್ದು ಸರಿ. ಮುಂದೆ ಹೋದ ಹಳಿಯಲ್ಲೇ ಹಿಂದಕ್ಕೂ ಬರುವ ರಿಕಾಯಿಲ್‌ನಂತಹ ಮೈ ನವಿರೇಳಿಸುವ ಆಟಗಳಿಗೆ 140 ಸೆಂಟಿಮೀಟರ್ ಇರಲೇಬೇಕು. ಸರದಿಯ ಬಾಯಲ್ಲಿ ಅಳತೆಯ ಕಂಬವಿರುತ್ತದೆ, ಅಲ್ಲಿ ನಿಂತ ಸಿಬ್ಬಂದಿ ಒಂದು ಸೆಂಟಿಮೀಟರನ್ನೂ ಬಿಟ್ಟುಕೊಡುವುದಿಲ್ಲ, ಬಿಟ್ಟುಕೊಡಲೂಬಾರದು. ಮೈಯನ್ನು ಹಿಡಿದಿಡುವ ಸರಳು, ಬೆಲ್ಟುಗಳನ್ನು ಆ ಅಳತೆಗೆ ತಕ್ಕಂತೆ ಮಾಡಿರುತ್ತಾರೆ. ಎರಡು ಸೆಂಟಿಮೀಟರ್ ಕಡಿಮೆ ಇರುವ ಮಗುವನ್ನು ಅಲ್ಲಿಯವರೆಗೆ ಕರೆದುಕೊಂಡು ಹೋಗಿ, ಗೆಳತಿಯರು ಹೇಳಿದ ಆಟವನ್ನು ಕೆಳಗೆ ನಿಂತು ನೋಡುವಂತೆ ಮಾಡುವುದು ನನ್ನ ದೃಷ್ಟಿಯಲ್ಲಿ ಕ್ರೂರವೇ. ನೀರಿನ ಆಟಗಳು, ವೇವ್ ಪೂಲ್, ಬೆಚ್ಚಗಿನ ನೀರು ಸುರಿಯುವ ಮಳೆ ನೃತ್ಯ ಇವೆಲ್ಲ ಅವಳಿಗೆ ಸಿಗುತ್ತವೆ ಎಂಬುದು ನಿಜ. ಆದರೆ ಅವಳು ಕಾಯುತ್ತಿರುವುದು ಅವುಗಳಿಗಲ್ಲವಲ್ಲ. ನೀರಿಗೆ ಇಳಿಯುವುದಾದರೆ ನೈಲಾನ್ ಅಥವಾ ಅಂತಹ ಬಟ್ಟೆಯ ಈಜುಡುಪು ಬೇಕು, ಹತ್ತಿಯ ಬಟ್ಟೆಗೆ ಅವಕಾಶವಿಲ್ಲ. ಮನೆಯಿಂದಲೇ ತೆಗೆದುಕೊಂಡು ಹೋದರೆ ಖರ್ಚು ಉಳಿಯುತ್ತದೆ.

ರಾಮೋಜಿ ಪೂರ್ತಿ ಬೇರೆ ಬಗೆಯದು. 1996ರಲ್ಲಿ ಆರಂಭವಾದ ಅದು ಮೊದಲಿಗೆ ಚಿತ್ರೀಕರಣದ ಸ್ಥಳ, ಪ್ರವಾಸಿಗರ ತಾಣ ಎಂಬುದು ಆಮೇಲಿನ ಮಾತು. ಜಗತ್ತಿನ ಅತಿ ದೊಡ್ಡ ಸ್ಟುಡಿಯೋ ಸಂಕೀರ್ಣವೆಂದು ಗಿನ್ನೆಸ್ ದಾಖಲೆಯಲ್ಲಿದೆ. ವಿಜಯವಾಡ ಹೆದ್ದಾರಿಯ ಕಡೆಯಿಂದ ಒಳಹೊಕ್ಕರೆ, ಅಲ್ಲಿಂದ ಮುಂದೆ ಅವರದೇ ಬಸ್ಸುಗಳಲ್ಲಿ ತಿರುಗಬೇಕು. ಉದ್ಯಾನಗಳು, ವಿದೇಶಿ ಬೀದಿಗಳ ಸೆಟ್ಟುಗಳು, ವಿಮಾನ ನಿಲ್ದಾಣ, ರೈಲು ನಿಲ್ದಾಣ ಎಲ್ಲವನ್ನೂ ಬಸ್ಸಿನಿಂದಲೇ ತೋರಿಸಿ, ಕೆಲವು ಕಡೆ ಇಳಿಸುತ್ತಾರೆ. ನಡುನಡುವೆ ಕೂತು ನೋಡುವ ಸಾಹಸ ಪ್ರದರ್ಶನ, ನೃತ್ಯಗಳಿವೆ. ಸಣ್ಣ ಮಕ್ಕಳಿಗೆ ಫಂಡುಸ್ತಾನ್ ಎಂಬ ಆಟದ ಭಾಗವಿದೆ. ಉಳಿಯಲು ಸಿತಾರಾ ದುಬಾರಿ ಹೋಟೆಲು, ತಾರಾ ಮಧ್ಯಮ ದರ್ಜೆಯದು.

ಸಮಯದ ಬಗ್ಗೆ ಮಾತ್ರ ಖಂಡಿತವಾಗಿ ಹೇಳುತ್ತೇನೆ. ಏಪ್ರಿಲ್ ಕೊನೆಯಲ್ಲಿ ಹೈದರಾಬಾದಿನ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಮಲೆನಾಡಿನ ನೆರಳಿನಲ್ಲಿ ಬದುಕಿದ ಹಿರಿಯರನ್ನು ಆ ಬಿಸಿಲಿಗೆ ಕರೆದುಕೊಂಡು ಹೋಗಬೇಡಿ. ರಾಮೋಜಿಗೆ ಹೋಗುವುದಾದರೆ ದಸರಾ ರಜೆಯಲ್ಲೇ ಹೋಗಿ.

ಉತ್ತರ 2: ಬಳಪದಕಲ್ಲು, ಬೇಲೂರು

ನಾನು ನಿವೃತ್ತ ಶಿಕ್ಷಕ. ಆಟಗಳ ವಿಷಯ ಯಗಚಿಯವರು ಬರೆದಾಗಿದೆ, ನಾನು ನಿಮ್ಮ ಅತ್ತೆಯವರ ಬಗ್ಗೆ ಮಾತ್ರ ಬರೆಯುತ್ತೇನೆ.

ಕೆಲವು ವರ್ಷಗಳ ಹಿಂದೆ ಮಗ, ಸೊಸೆ, ಮೊಮ್ಮಕ್ಕಳ ಜೊತೆ ನಾನೂ ನನ್ನ ತಾಯಿಯವರೂ ಒಂದು ನೀರಾಟದ ಪಾರ್ಕಿಗೆ ಹೋಗಿದ್ದೆವು. ಪಾರ್ಕಿನಲ್ಲಿ ಯಾವ ಕೊರತೆಯೂ ಇರಲಿಲ್ಲ. ಮಕ್ಕಳು ಸಂಜೆಯವರೆಗೆ ಆಡಿದರು, ನಾನೂ ನೀರಿಗೆ ಇಳಿದೆ. ಅಮ್ಮ ಮರದ ಕೆಳಗಿನ ಬೆಂಚಿನ ಮೇಲೆ ಎರಡು ಬ್ಯಾಗು, ಐದು ಜೊತೆ ಚಪ್ಪಲಿ, ಎಲ್ಲರ ಕನ್ನಡಕ, ಕೈಗಡಿಯಾರಗಳನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದರು. ಲಾಕರ್ ಇತ್ತು. ಅಮ್ಮ ಇದ್ದಾರಲ್ಲ, ಅದೇಕೆ ಎಂದು ನಾವೇ ಅದನ್ನು ಪಡೆಯಲಿಲ್ಲ. ವಾರದ ನಂತರ ಫೋಟೋಗಳನ್ನೆಲ್ಲ ಒಟ್ಟಿಗೆ ನೋಡುತ್ತಿದ್ದಾಗ ಮೊಮ್ಮಗಳು, ‘ಮುತ್ತಜ್ಜಿ ನಮ್ಮ ಜೊತೆ ಬಂದಿರಲಿಲ್ವಾ ತಾತ?’ ಎಂದು ಕೇಳಿದಳು. ಇನ್ನೂರಕ್ಕೂ ಹೆಚ್ಚು ಫೋಟೋಗಳಲ್ಲಿ ಒಂದರಲ್ಲೂ ಅಮ್ಮ ಇರಲಿಲ್ಲ. ಆ ಪ್ರಶ್ನೆಗೆ ಉತ್ತರ ಹೇಳಲು ನನಗೆ ಬಹಳ ಕಷ್ಟವಾಯಿತು.

ಮರು ವರ್ಷ ಡಿಸೆಂಬರಿನಲ್ಲಿ ಅವರನ್ನು ರಾಮೋಜಿಗೆ ಕರೆದುಕೊಂಡು ಹೋದೆ. ಆಗ ಅವರಿಗೆ ಎಂಬತ್ತೊಂದು. ಬಸ್ಸಿನಲ್ಲಿ ಕೂತೇ ಅರ್ಧ ದಿನ ಕಳೆಯಿತು. ಪಕ್ಷಿಗಳ ಉದ್ಯಾನದಲ್ಲಿ ಉಷ್ಟ್ರಪಕ್ಷಿಯನ್ನು ನೋಡಿ ಅವರು ಎದ್ದು ಬರಲು ಒಪ್ಪಲಿಲ್ಲ. ಬಾಹುಬಲಿ ಚಿತ್ರಕ್ಕಾಗಿ ನಿರ್ಮಿಸಿದ ಮಾಹಿಷ್ಮತಿಯ ಸೆಟ್ಟನ್ನು ಹಾಗೆಯೇ ಉಳಿಸಿದ್ದಾರೆ. ಚೆನ್ನಕೇಶವನ ಗುಡಿಯ ಕಂಬಗಳನ್ನು ಹುಟ್ಟಿದಂದಿನಿಂದ ಕಂಡ ಅಮ್ಮ, ಅಲ್ಲಿನ ದೊಡ್ಡ ಕಂಬವೊಂದರ ಹತ್ತಿರ ಹೋಗಿ, ಬೆರಳಿನ ಗೆಣ್ಣಿನಿಂದ ತಟ್ಟಿ, ಕಿವಿಗೊಟ್ಟು ಕೇಳಿದರು. ಟೊಳ್ಳು ಸದ್ದು ಬಂತು. ಮತ್ತೊಮ್ಮೆ ತಟ್ಟಿದರು. ಮೊಮ್ಮಕ್ಕಳು, ಮರಿಮಕ್ಕಳು ಎಲ್ಲರೂ ಸಾಲಾಗಿ ನಿಂತು ತಟ್ಟಿ ನೋಡಿದ್ದಾಯಿತು. ಆ ಫೋಟೋ ಈಗ ನಮ್ಮ ಪಡಸಾಲೆಯ ಗೋಡೆಯ ಮೇಲಿದೆ, ಅಮ್ಮ ಈಗಿಲ್ಲ.

ನಿಮ್ಮ ಹಣ, ನಿಮ್ಮ ರಜೆ, ನಿರ್ಧಾರ ನಿಮ್ಮದು. ಯಾವುದೇ ಜಾಗಕ್ಕೆ ಹೋದರೂ ಮೊದಲು ಲಾಕರ್ ಪಡೆಯಿರಿ ಎಂದಷ್ಟೇ ಕೇಳಿಕೊಳ್ಳುತ್ತೇನೆ.

ಉತ್ತರ 3: ಘಾಟಿರಸ್ತೆ, ಸಕಲೇಶಪುರ

ಮೇಷ್ಟ್ರ ಮಾತು ಓದಿ ಮನಸ್ಸು ತುಂಬಿ ಬಂತು. ಆದರೂ ನಾನು ಬಿಡದಿಯ ಪರವಾಗಿ ವಾದಿಸಬೇಕಾಗಿದೆ. ರಾಮೋಜಿಯೊಳಗೆ ಕೂತು ನೋಡಬಹುದು ಎಂಬುದು ಸರಿ, ಅಲ್ಲಿಯವರೆಗೆ ಹೋಗುವುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಂಡಿಲ್ಲ. ಬೆಂಗಳೂರಿನಿಂದಲೇ ಹೈದರಾಬಾದ್ ಸುಮಾರು 570 ಕಿಲೋಮೀಟರ್. ಮೂಡಿಗೆರೆಯಿಂದ ಬೆಂಗಳೂರಿನವರೆಗಿನದ್ದು ಇದಕ್ಕೆ ಸೇರಿಲ್ಲ. ಮಂಡಿನೋವಿನವರಿಗೆ ಕಾಲು ಮಡಚಿ ಕೂರುವ ಪ್ರಯಾಣ ನಡಿಗೆಗಿಂತ ಕಷ್ಟ.

ಬಿಡದಿಗಾದರೆ ಹಾಸನ, ಚನ್ನರಾಯಪಟ್ಟಣ, ಕುಣಿಗಲ್ ಮೂಲಕ ಹೋಗಿ, ನೆಲಮಂಗಲ ದಾಟಿ ನೈಸ್ ರಸ್ತೆ ಹಿಡಿದು ಮೈಸೂರು ರಸ್ತೆಗೆ ಸೇರಿದರೆ ಬೆಂಗಳೂರಿನ ಒಳಗೆ ಹೋಗುವ ಅಗತ್ಯವೇ ಇಲ್ಲ. ದಾರಿಯಲ್ಲಿ ಯಡಿಯೂರಿನಲ್ಲಿ ಇಳಿದು ಸಿದ್ಧಲಿಂಗೇಶ್ವರನ ದರ್ಶನ ಮಾಡಿ, ಕಾಲು ಚಾಚಿ ಕೂತು ಮುಂದೆ ಹೋಗಬಹುದು. ಮರುದಿನ ನಿಮ್ಮ ಯಜಮಾನರು ಮಕ್ಕಳನ್ನು ಪಾರ್ಕಿಗೆ ಕರೆದುಕೊಂಡು ಹೋಗಲಿ, ನೀವು ಅತ್ತೆಯವರ ಜೊತೆ ರಾಮನಗರದ ಜಾನಪದ ಲೋಕಕ್ಕೆ ಹೋಗಿ. ಎಚ್.ಎಲ್. ನಾಗೇಗೌಡರು ಹಳ್ಳಿಹಳ್ಳಿ ತಿರುಗಿ ಒಟ್ಟುಗೂಡಿಸಿದ ಬೀಸುವ ಕಲ್ಲು, ಒನಕೆ, ನೇಗಿಲು, ತೊಗಲುಗೊಂಬೆ ಎಲ್ಲವೂ ಅಲ್ಲಿವೆ. ಪ್ರತಿಯೊಂದರ ಮುಂದೆಯೂ ಹೇಳಲು ಅತ್ತೆಯವರಿಗೇ ನೂರು ಕತೆಗಳಿರುತ್ತವೆ, ಮತ್ತು ಅಲ್ಲಿ ಮಾತು ಕನ್ನಡ. ರಾಮೋಜಿಯಲ್ಲಿ ಬಸ್ಸಿನ ಗೈಡುಗಳು ಹೆಚ್ಚಾಗಿ ಹಿಂದಿ, ತೆಲುಗಿನಲ್ಲಿ ವಿವರಿಸುತ್ತಾರೆ.

ಇನ್ನೊಂದು ಎಚ್ಚರಿಕೆ. ಪ್ಯಾಕೇಜ್ ಬಸ್ಸುಗಳನ್ನು ನಂಬಿ ರಾಮೋಜಿಗೆ ಹೋಗಬೇಡಿ. ನಾವು ಒಂದು ಟ್ರಾವೆಲ್ಸ್‌ನವರ ಮಾತು ಕೇಳಿ ಹೊರಟೆವು. ಅವರು ದಾರಿಯಲ್ಲಿ ಮೂರು ಕಡೆ ನಿಲ್ಲಿಸಿ ಒಳಗೆ ಬಿಡುವಾಗ ಮಧ್ಯಾಹ್ನ ಹನ್ನೆರಡೂವರೆ. ಬೆಳಗಿನ ಸ್ವಾಗತ ಕಾರ್ಯಕ್ರಮ ತಪ್ಪಿತು, ಬಸ್ಸಿನ ಸುತ್ತಾಟವನ್ನೂ ಅವಸರದಲ್ಲಿ ಮುಗಿಸಬೇಕಾಯಿತು. ಪೂರ್ತಿ ದಿನದ ಹಣ ಕೊಟ್ಟು ಅರ್ಧ ದಿನ ನೋಡಿ ಬಂದೆವು.

ಮತ್ತೆ ಪ್ರಶ್ನೆ ಕೇಳಿದವರು: ಕಾಫಿಹೂ, ಮೂಡಿಗೆರೆ

ಇಷ್ಟು ಅಕ್ಕರೆಯಿಂದ ಬರೆದ ಮೂವರಿಗೂ ಕೃತಜ್ಞತೆಗಳು. ಮೇಷ್ಟ್ರೇ, ನಿಮ್ಮ ಉತ್ತರವನ್ನು ನಮ್ಮ ಯಜಮಾನರಿಗೆ ಗಟ್ಟಿಯಾಗಿ ಓದಿ ಹೇಳಿದೆ. ಓದುತ್ತಾ ಹೋದಂತೆ, ನಾವಿಬ್ಬರೂ ಇಷ್ಟು ದಿನ ಎರಡು ಜಾಗಗಳನ್ನು ತೂಗುತ್ತಿದ್ದೆವೇ ಹೊರತು ಅತ್ತೆಯವರನ್ನು ಒಂದು ಮಾತೂ ಕೇಳಿಲ್ಲ ಎಂಬುದು ಅರಿವಿಗೆ ಬಂತು. ರಾತ್ರಿ ಊಟವಾದ ಮೇಲೆ ಕೇಳಿದೆವು. ಬಿಡದಿಯ ಆಟಗಳ ವಿಷಯ ಹೇಳಿದಾಗ, ‘ನಾನ್ ಬಂದ್ ಏನ್ ಮಾಡ್ಲಿ, ಮಗು ಬಟ್ಟೆ ಹಿಡ್ಕೊಂಡ್ ಕೂತಿರ್ತೀನಿ, ನೀವ್ ಆಡ್ಕೊಂಡ್ ಬನ್ನಿ’ ಎಂದರು. ಬೇಸರದಿಂದ ಹೇಳಿದ ಮಾತಲ್ಲ, ಹಾಗೆಯೇ ಇರುತ್ತದೆ ಎಂಬ ಖಾತ್ರಿಯಿಂದ ಹೇಳಿದ್ದು. ಅದೇ ನನಗೆ ಹೆಚ್ಚು ನೋವು ಕೊಟ್ಟಿತು. ರಾಮೋಜಿಯ ಬಸ್ಸಿನ ಬಗ್ಗೆ ಹೇಳಿದಾಗ ಕೇಳಿದ್ದು ಒಂದೇ: ‘ಕಿಟಕಿ ಪಕ್ಕ ಜಾಗ ಸಿಗ್ತದಾ?’

ಹಾಗಾಗಿ ದಸರಾ ರಜೆಗೆ ರಾಮೋಜಿ ಎಂದು ಹೆಚ್ಚುಕಡಿಮೆ ತೀರ್ಮಾನಿಸಿದ್ದೇವೆ. ಜಾನಪದ ಲೋಕದ ಸಲಹೆ ನನಗೆ ಬಹಳ ಹಿಡಿಸಿತು, ಆದರೆ ಅದರಲ್ಲಿ ಮನೆಯವರು ಎರಡು ಪಾಲಾಗಿ ಬೇರೆ ಬೇರೆ ಕಡೆ ಹೋಗಬೇಕಾಗುತ್ತದೆ. ಒಟ್ಟಿಗೆ ಇರಬೇಕೆಂದೇ ನಾವು ಹೊರಟಿರುವುದು. ಮಗಳು ಮೊದಲು ಮುಖ ಸಣ್ಣ ಮಾಡಿಕೊಂಡಳು. ಮುಂದಿನ ವರ್ಷ 140 ದಾಟಿದ ಮೇಲೆ ಅವಳ ಅಪ್ಪನ ಜೊತೆ ಬಿಡದಿಗೆ ಒಂದು ದಿನ ಹೋಗಿ ಬರುವುದೆಂದು ಮಾತು ಕೊಟ್ಟಿದ್ದೇವೆ, ಹತ್ತಿರದ್ದಾದ್ದರಿಂದ ಅದು ಕಷ್ಟವಲ್ಲ. ರೈಲಿನ ಬಗ್ಗೆ ಮಾತ್ರ ಇನ್ನೂ ಗೊಂದಲವಿದೆ. ವಂದೇ ಭಾರತ್ ಒಳ್ಳೆಯದೋ, ರಾತ್ರಿಯ ರೈಲೋ?

ಉತ್ತರ 4: ಯಗಚಿ, ಚಿಕ್ಕಮಗಳೂರು

ರಾತ್ರಿಯ ರೈಲೇ ಸರಿ. ಬೆಂಗಳೂರಿನ ಯಶವಂತಪುರದಿಂದ ಹೈದರಾಬಾದಿನ ಕಾಚಿಗುಡ ನಿಲ್ದಾಣಕ್ಕೆ 2023ರಲ್ಲಿ ಆರಂಭವಾದ ವಂದೇ ಭಾರತ್ ಮಧ್ಯಾಹ್ನ ಹೊರಟು ಸುಮಾರು ಎಂಟೂವರೆ ಗಂಟೆಯಲ್ಲಿ ತಲುಪಿಸುತ್ತದೆ. ಬೇಗ ಹೋಗುತ್ತದೆ ಎಂಬುದು ನಿಜವಾದರೂ ಅಷ್ಟೂ ಹೊತ್ತು ಕುರ್ಚಿಯಲ್ಲಿ ಕೂತಿರಬೇಕು, ಇಳಿಯುವಾಗ ರಾತ್ರಿ ಹನ್ನೊಂದು ದಾಟಿರುತ್ತದೆ. ಆ ಹೊತ್ತಿನಲ್ಲಿ ನಿದ್ದೆ ಮಾಡುವ ಮಗು, ನೋಯುವ ಮಂಡಿ, ಸಾಮಾನು ಎಲ್ಲವನ್ನೂ ಸಂಭಾಳಿಸುವುದು ಕಷ್ಟ. ಸಂಜೆ ಬೆಂಗಳೂರಿನಿಂದ ಹೊರಡುವ ಕಾಚಿಗುಡ ಎಕ್ಸ್‌ಪ್ರೆಸ್‌ನಲ್ಲಿ ಕೆಳಬರ್ತ್ ಸಿಕ್ಕರೆ ಅತ್ತೆಯವರು ಕಾಲು ನೀಡಿ ಮಲಗಬಹುದು, ಬೆಳಗಾಗುವ ಹೊತ್ತಿಗೆ ಕಾಚಿಗುಡ. ಅಲ್ಲಿಂದ ಕಾರು ಮಾಡಿಕೊಂಡು ಹೋದರೆ ಬೆಳಗಿನ ಸ್ವಾಗತ ಕಾರ್ಯಕ್ರಮವೂ ಸಿಗುತ್ತದೆ, ಟ್ರಾವೆಲ್ಸ್‌ನವರ ಹಂಗೂ ಇರುವುದಿಲ್ಲ.

ಮೊದಲ ದಿನವೇ ಎಲ್ಲವನ್ನೂ ಮುಗಿಸಲು ಹೋಗಬೇಡಿ. ಎರಡು ರಾತ್ರಿ ಉಳಿಯುವುದಾದರೆ ಬಸ್ಸಿನ ಸುತ್ತಾಟ, ಪ್ರದರ್ಶನಗಳನ್ನು ಮೊದಲ ದಿನಕ್ಕೂ, ಪಕ್ಷಿ ಮತ್ತು ಚಿಟ್ಟೆಗಳ ಉದ್ಯಾನವನ್ನು ಎರಡನೆಯ ದಿನದ ಬೆಳಗಿನ ತಂಪಿಗೂ ಇಟ್ಟುಕೊಳ್ಳಿ. ಸಿನಿಮಾ ಹೇಗೆ ತಯಾರಾಗುತ್ತದೆ ಎಂದು ತೋರಿಸುವ ಪ್ರದರ್ಶನದಲ್ಲಿ ಪ್ರೇಕ್ಷಕರ ನಡುವಿನಿಂದಲೇ ಕೆಲವರನ್ನು ವೇದಿಕೆಗೆ ಕರೆದು ನಟಿಸಲು ಹೇಳುತ್ತಾರೆ. ಮಗಳನ್ನು ಮುಂದಿನ ಸಾಲಿನಲ್ಲಿ ಕೂರಿಸಿ, ಅದಕ್ಕೆ ಎತ್ತರದ ಅಳತೆ ಇಲ್ಲ.

ರೈಲಿನ ಮುಂಗಡ ಟಿಕೆಟ್ ಈಗ 60 ದಿನ ಮೊದಲು ತೆರೆಯುತ್ತದೆ, ದಸರಾ ಸಮಯದಲ್ಲಿ ಕೆಳಬರ್ತ್‌ಗಳು ಬೇಗ ಮುಗಿಯುತ್ತವೆ. ಶಾಲೆಯವರು ರಜೆಯ ದಿನಾಂಕ ತಿಳಿಸಿದ ಕೂಡಲೇ ಎಣಿಸಿಕೊಂಡು, ತೆರೆದ ದಿನ ಬೆಳಗ್ಗೆಯೇ ಬುಕ್ ಮಾಡಿ. ಅತ್ತೆಯವರ ವಯಸ್ಸನ್ನು ಸರಿಯಾಗಿ ನಮೂದಿಸುವುದನ್ನು ಮರೆಯಬೇಡಿ, ಹಿರಿಯರಿಗೆ ಕೆಳಬರ್ತ್ ಸಿಗುವ ಸಾಧ್ಯತೆ ಹೆಚ್ಚು.