ಸ್ಪೀಕರ್‌ನಿಂದ ಗುಂಯ್ ಅಂತ ಸದ್ದು, ಮೌಸ್ ಅಲ್ಲಾಡಿಸಿದರೆ ಚಿರ್ ಚಿರ್. ತಲೆ ಕೆಟ್ಟಿದೆ

ಹನುಮಂತನಗರ_ಹುಡುಗ · ಶನಿವಾರ ರಾತ್ರಿ 10:42

ಎಲ್ಲರಿಗೂ ನಮಸ್ಕಾರ. ಮೂರು ತಿಂಗಳು ದುಡ್ಡು ಉಳಿಸಿ ಕಂಪ್ಯೂಟರ್‌ಗೆ ಸ್ಪೀಕರ್ ಹಾಕಿದೆ. ಬಜೆಟ್ 8,000. ಇಲ್ಲೇ ನೀವೆಲ್ಲ "2.1 ಡಬ್ಬ (ಎರಡು ಪುಟ್ಟ ಸ್ಪೀಕರ್, ಒಂದು ಬಾಸ್ ಡಬ್ಬ) ಬೇಡ, ಬುಕ್‌ಶೆಲ್ಫ್ ಸ್ಪೀಕರ್ ಜೋಡಿ, ಅದನ್ನು ನಡೆಸಲು ಒಂದು ಸಣ್ಣ ಆಂಪ್ (ಆಂಪ್ಲಿಫೈಯರ್) ತಗೋ" ಎಂದಿದ್ದಿರಿ. ತಗೊಂಡೆ. ಸ್ಪೀಕರ್ ಸೆಕೆಂಡ್ ಹ್ಯಾಂಡ್, 4 ಇಂಚಿನದು, 4,500. ಆಂಪ್ ಟಿಪಿಎ3116 ಚಿಪ್‌ನದು, ಬೆಂಗಳೂರಿನ ಎಲೆಕ್ಟ್ರಾನಿಕ್ಸ್ ಪೇಟೆ ಎಸ್‌ಪಿ ರೋಡ್‌ನಲ್ಲಿ 1,800. ಮಿಕ್ಕಿದ್ದರಲ್ಲಿ ವೈರು, ಆಕ್ಸ್ ಕೇಬಲ್, ಒಂದು ಮಸಾಲೆ ದೋಸೆ.

ಈಗ ನೋಡಿದರೆ ಹಾಡು ಹಾಕದಿದ್ದರೂ ಗುಂಯ್ ಅನ್ನುತ್ತಿದೆ. ಮೌಸ್ ಅಲ್ಲಾಡಿಸಿದರೆ ಚಿರ್ ಚಿರ್. ಬ್ರೌಸರ್‌ನಲ್ಲಿ ಪುಟ ಎಳೆದರೆ ಜೀರುಂಡೆ ಕೂಗಿದ ಹಾಗೆ. ರಾತ್ರಿ ಪಕ್ಕದ ರೂಮಿನಿಂದ ಅಕ್ಕ "ಏನೋ ಅದು, ಅಷ್ಟು ದೊಡ್ಡ ಸೊಳ್ಳೆ?" ಎಂದು ಕೇಳುತ್ತಾಳೆ. ಕೇಬಲ್ ಬದಲಾಯಿಸಿದೆ, ಉಪಯೋಗ ಇಲ್ಲ. ಎಲ್ಲ ಸರಿಯಾಗಿಯೇ ಕನೆಕ್ಟ್ ಮಾಡಿದ್ದೇನೆ. ಯಾರಾದರೂ ಹೇಳಿ. ಇಲ್ಲ ಅಂದರೆ ಹಳೇ 2.1 ಅನ್ನೇ ಅಟ್ಟದಿಂದ ಇಳಿಸುತ್ತೇನೆ.

ಡ್ಯಾಕ್_ದಾಸ · 10:51

ಮದರ್‌ಬೋರ್ಡ್ ಸೌಂಡ್. ಬೇರೆ ಏನೂ ಅಲ್ಲ. ಸೌಂಡ್ ಚಿಪ್ ಅದೇ ಡಬ್ಬದೊಳಗೆ ಗ್ರಾಫಿಕ್ಸ್ ಕಾರ್ಡ್ ಜೊತೆ ಕೂತಿರುತ್ತದೆ, ಅದರ ಗಲಾಟೆಯೆಲ್ಲ ಇದಕ್ಕೆ ಅಂಟುತ್ತದೆ. ಯುಎಸ್‌ಬಿ ಡ್ಯಾಕ್ ತಗೋ, ಡಿಜಿಟಲ್ ಹಾಡನ್ನು ಡಬ್ಬದ ಹೊರಗೆ ಸದ್ದಿನ ಸಿಗ್ನಲ್ ಮಾಡಿ ಕೊಡುತ್ತದೆ. ಮುಗೀತು.

ಬೆಸುಗೆ_ಬಸಣ್ಣ · 11:05

ಸ್ವಲ್ಪ ತಡಿಯಪ್ಪಾ. ಗುಂಯ್ ಬೇರೆ, ಚಿರ್ ಬೇರೆ. ಗುಂಯ್ ಅಂದರೆ 50 ಅಥವಾ 100 ಹರ್ಟ್ಜ್, ಮನೆ ಕರೆಂಟಿನ ದನಿ. ಚಿರ್ ಅನ್ನುವುದು ಕಂಪ್ಯೂಟರ್‌ನದು. ಎರಡೂ ಒಟ್ಟಿಗೆ ಬರುತ್ತಿವೆ ಅಂದರೆ ಒಂದೇ ದಾರಿಯಲ್ಲಿ ಬರುತ್ತಿರಬಹುದು. ಎರಡು ಪ್ರಶ್ನೆ. ಆಂಪ್‌ಗೆ ಪವರ್ ಎಲ್ಲಿಂದ? ಆಕ್ಸ್ ವೈರನ್ನು ಕಂಪ್ಯೂಟರ್ ಕಡೆ ಕಿತ್ತರೆ ಸದ್ದು ನಿಲ್ಲುತ್ತದಾ?

ಹನುಮಂತನಗರ_ಹುಡುಗ · 11:11

ಪವರ್ ಎಲ್ಲ ಸರಿ ಇದೆ ಅಣ್ಣ, ಆಂಪ್‌ಗೆ ಒಗ್ಗುವ ವೋಲ್ಟೇಜೇ ಕೊಟ್ಟಿದ್ದೇನೆ. ಆಕ್ಸ್ ಕಿತ್ತರೆ ಪೂರ್ತಿ ನಿಶ್ಶಬ್ದ. ಅಂದರೆ ದಾಸರು ಹೇಳಿದ್ದೇ ಸರಿ ಅಲ್ವಾ?

ಡ್ಯಾಕ್_ದಾಸ · 11:12

ನೋಡಿದ್ರಾ.

ಎಸ್‌ಪಿ_ರೋಡ್_ಖಾಯಂ · ಭಾನುವಾರ ಬೆಳಿಗ್ಗೆ 7:30

ಆ ಆಂಪ್‌ಗೆ 1,800 ಕೊಟ್ಟೆಯಾ? ಮುಖ ನೋಡಿಯೇ ರೇಟ್ ಹೇಳಿದ್ದಾರೆ. ಮೊದಲ ಅಂಗಡಿಯಲ್ಲಿ ಯಾವತ್ತೂ ತಗೋಬಾರದು. ಒಂದು ರೌಂಡ್ ಹೊಡಿ, ಒಳಗಿನ ಗಲ್ಲಿಗೆ ಹೋಗು, "ಆಗಲೇ ಒಬ್ಬರು 1,200 ಅಂದರು" ಅಂತ ಸುಮ್ನೆ ಹೇಳು.

ಮೂರನೇ_ಮಹಡಿ · 8:02

ಬಿಲ್ ಕೊಡುತ್ತಾರಾ ಅಲ್ಲಿ? ಕೆಟ್ಟರೆ ವಾಪಸ್ ತಗೋತಾರಾ? ಅದಕ್ಕಿಂತ ಆನ್‌ಲೈನ್ ವಾಸಿ.

ಎಸ್‌ಪಿ_ರೋಡ್_ಖಾಯಂ · 8:10

ಇಪ್ಪತ್ತು ವರ್ಷದಿಂದ ಹೋಗುತ್ತಿದ್ದೇನೆ. ಮುಂದೆ ನಿಂತು ಸ್ಪೀಕರ್ ಹಾಕಿಸಿ, ಕಿವಿಯಲ್ಲಿ ಕೇಳಿ ತರುತ್ತೇನೆ. ನಿಮ್ಮ ಆನ್‌ಲೈನ್ ಡಬ್ಬ ಕೇಳಿಸುತ್ತದಾ?

ಮೂರನೇ_ಮಹಡಿ · 8:14

ಆ ಟ್ರಾಫಿಕ್‌ನಲ್ಲಿ ನಿಮಗೆ ಸ್ಪೀಕರ್ ಕೇಳಿಸುತ್ತದಾ?

ಬಾಸ್_ಬೇಕು_ಬಾಸ್ · 9:40

ನನ್ನ ಹತ್ತಿರ 2.1 ಸೆಟ್ ಇದೆ, 6,000 ವ್ಯಾಟ್ ಪಿಎಂಪಿಒ, 2,200 ರೂಪಾಯಿ. ಒಂದು ಚೂರು ಗುಂಯ್ ಇಲ್ಲ. ಕಿಟಕಿ ಗಾಜು ಅಲ್ಲಾಡುತ್ತದೆ. ಸುಮ್ನೆ ದುಡ್ಡು ಹಾಳು ಮಾಡಿಕೊಂಡೆ ತಮ್ಮಾ.

ಬೆಸುಗೆ_ಬಸಣ್ಣ · 10:15

6,000 ವ್ಯಾಟ್ ಅಂದರೆ ಎರಡು ಮೂರು ಗೀಸರ್ ಗುರುವೇ! ಆ ಡಬ್ಬದ ಹಿಂದೆ ಸ್ಟಿಕ್ಕರ್ ನೋಡಿ, ಕರೆಂಟು ಎಷ್ಟು ಎಳೆಯುತ್ತದೆ ಎಂದು ಬರೆದಿರುತ್ತದೆ. 40, 50 ವ್ಯಾಟ್ ಇದ್ದರೆ ಹೆಚ್ಚು. ಒಳಗೆ ಹೋಗದ್ದು ಹೊರಗೆ ಎಲ್ಲಿಂದ ಬರಬೇಕು? ಪಿಎಂಪಿಒ ಬರೀ ಜಾಹೀರಾತಿನ ಅಂಕಿ, ಬಿಡದೆ ಕೊಡುವ ಶಕ್ತಿ ಹೇಳುವ ಆರ್‌ಎಂಎಸ್ ಒಂದನ್ನೇ ನೋಡಬೇಕು. ಅದೂ ಮೇಜಿನ ಮೇಲೆ ಎಷ್ಟು ಬೇಕು ಹೇಳಿ. ಸ್ಪೀಕರ್ ಸೆನ್ಸಿಟಿವಿಟಿ 86 ಡೆಸಿಬೆಲ್ ಅಂತಿದ್ದರೆ, ಒಂದೇ ವ್ಯಾಟ್‌ಗೆ ಒಂದು ಮೀಟರ್ ದೂರದಲ್ಲಿ ಅಷ್ಟು ಜೋರು. ವ್ಯಾಟ್ ಎರಡರಷ್ಟು ಮಾಡಿದರೆ ಸಿಗುವುದು ಬರೀ 3 ಡೆಸಿಬೆಲ್.

ಹುಡುಗ ಇನ್ನೂ ನನ್ನ ಮೊದಲ ಪ್ರಶ್ನೆಗೆ ಉತ್ತರ ಕೊಟ್ಟಿಲ್ಲ.

ವಾಲ್ವ್_ವೆಂಕಟ · 11:48

ನಿನ್ನ ಆಂಪ್‌ನಲ್ಲಿರುವ ಈ ಕ್ಲಾಸ್ ಡಿ ಚಿಪ್‌ಗಳೇ ಹೀಗೆ. ಜೀವ ಇಲ್ಲದ ಸದ್ದು. ನಾನು ಜಯನಗರದ ಮನೆಯಲ್ಲಿ ಕೈಯಾರೆ ಕಟ್ಟಿದ, ಹಳೇ ರೇಡಿಯೋದಂತೆ ಗಾಜಿನ ವಾಲ್ವ್ ಇರುವ ಆಂಪ್ ಇಟ್ಟಿದ್ದೇನೆ. ಬೆಳಿಗ್ಗೆ ಕಾಫಿ ಕಾಯಿಸುವಾಗ ಆನ್ ಮಾಡಿದರೆ ಕಾಫಿ ಇಳಿಯುವ ಹೊತ್ತಿಗೆ ಅದೂ ಬಿಸಿಯಾಗಿರುತ್ತದೆ. ಚಳಿಗಾಲದಲ್ಲಿ ಬೆಕ್ಕು ಅದರ ಪಕ್ಕವೇ ಮಲಗುತ್ತದೆ. ಒಂದು ಸಲ ಬಂದು ವೀಣೆ ಕೇಳಿ, ತಂತಿ ಮೇಲೆ ಬೆರಳು ಜಾರುವುದು ಕೇಳಿಸುತ್ತದೆ.

ಮೂರನೇ_ಮಹಡಿ · 11:55

ಸರ್, ಅವನ ಬಜೆಟ್ 8,000.

ಹನುಮಂತನಗರ_ಹುಡುಗ · ಮಂಗಳವಾರ ಸಂಜೆ 7:20

ಯುಎಸ್‌ಬಿ ಡಾಂಗಲ್ ಡ್ಯಾಕ್ ತಂದೆ. 900 ರೂಪಾಯಿ. ಗುಂಯ್ ಹಾಗೇ ಇದೆ. ಚಿರ್ ಚಿರ್ ಕೂಡ ಹಾಗೇ ಇದೆ, ಇನ್ನೂ ಸ್ವಲ್ಪ ಸ್ಪಷ್ಟವಾಗಿ ಕೇಳುತ್ತಿದೆ!!

ಡ್ಯಾಕ್_ದಾಸ · 7:31

900ರದ್ದು ತಂದರೆ ಹೀಗೇ. ನನ್ನದು 7,500ರದ್ದು, ಚೂರೂ ಸದ್ದಿಲ್ಲ. ಮುಂದಿನ ಯುಎಸ್‌ಬಿ ಬಿಟ್ಟು ಹಿಂದಿನದಕ್ಕೆ ಹಾಕಿ ನೋಡು.

ಹನುಮಂತನಗರ_ಹುಡುಗ · 7:38

ಹಾಕಿದೆ. ಅದೇ.

ಕಿವಿ_ಕೋರಮಂಗಲ · 7:52

ಇದು ಅರ್ತ್ ಸಮಸ್ಯೆ. ಸಿಪಿಯು ಪ್ಲಗ್‌ನ ದಪ್ಪ ಪಿನ್ ಇದೆಯಲ್ಲ, ಅದನ್ನು ಕಿತ್ತುಬಿಡು. ಅಥವಾ ಮೂರು ಪಿನ್‌ನಿಂದ ಎರಡು ಪಿನ್ ಮಾಡುವ ಅಡಾಪ್ಟರ್ ಹಾಕು. ನಾನು ಹಾಗೇ ಮಾಡಿದ್ದೇನೆ, ಐದು ವರ್ಷ ಆಯಿತು, ಏನೂ ಆಗಿಲ್ಲ.

ಬೆಸುಗೆ_ಬಸಣ್ಣ · 7:58

ಹುಡುಗಾ, ದಯವಿಟ್ಟು ಇದನ್ನು ಮಾಡಬೇಡ. ಕಂಪ್ಯೂಟರ್ ಕ್ಯಾಬಿನೆಟ್ ತಗಡಿನದು. ಎಸ್‌ಎಂಪಿಎಸ್ (ಅದರ ಪವರ್ ಸಪ್ಲೈ ಡಬ್ಬ) ಒಳಗಿನ ಫಿಲ್ಟರ್ ಕೆಪಾಸಿಟರ್‌ಗಳು ಅರ್ತ್‌ಗೆ ಸೇರಿರುತ್ತವೆ. ಅರ್ತ್ ಕಿತ್ತರೆ ಕ್ಯಾಬಿನೆಟ್ ಮೇಲೆ 230ರ ಅರ್ಧ, ಸುಮಾರು 115 ವೋಲ್ಟ್ ತೇಲುತ್ತಿರುತ್ತದೆ. ಮುಟ್ಟಿದರೆ ಜುಂ ಅನ್ನುವುದು ಅದೇ. ಆ ಜುಂ ಪ್ರಾಣ ತೆಗೆಯುವುದಿಲ್ಲ. ಆದರೆ ಒಳಗೆ ಯಾವತ್ತಾದರೂ ಫೇಸ್ ವೈರ್ ತಗಡಿಗೆ ತಾಗಿದರೆ, ಆವತ್ತು ನಿನ್ನನ್ನು ಉಳಿಸುವುದು ಅದೇ ದಪ್ಪ ಪಿನ್.

ಕಿವಿ_ಕೋರಮಂಗಲ · 8:03

ಸುಮ್ನೆ ಹೆದರಿಸಬೇಡಿ. ಸದ್ದು ಹೋಯಿತಾ ಇಲ್ಲವಾ ಅಷ್ಟೇ ಮುಖ್ಯ.

ಬೆಸುಗೆ_ಬಸಣ್ಣ · 8:06

ಬರಿಗಾಲಲ್ಲಿ ಒದ್ದೆ ನೆಲದ ಮೇಲೆ ನಿಂತು ನಿಮ್ಮ ಸಿಪಿಯು ಮುಟ್ಟುತ್ತೀರಾ? ಇಲ್ಲ ಅಲ್ವಾ? ಬಿಡಿ.

ಹುಡುಗಾ, ಮಾತು ಬೇಡ. ಮೇಜಿನ ಮೇಲೆ, ಕೆಳಗೆ, ಪ್ಲಗ್ ಬೋರ್ಡ್ ಸಮೇತ ಒಂದು ಫೋಟೋ ಹಾಕು.

ಹನುಮಂತನಗರ_ಹುಡುಗ · 8:25

(ಫೋಟೋ ಹಾಕಿದ್ದೇನೆ. ಧೂಳಿಗೆ ಕ್ಷಮೆ ಇರಲಿ.)

ಮೂರನೇ_ಮಹಡಿ · 8:29

ಆ ಬಿಳಿ ಎಕ್ಸ್‌ಟೆನ್ಷನ್ ಪಕ್ಕ ಇರುವ ಕಪ್ಪು ಇಟ್ಟಿಗೆ ಏನು? ಲ್ಯಾಪ್‌ಟಾಪ್ ಚಾರ್ಜರಾ?

ಹನುಮಂತನಗರ_ಹುಡುಗ · 8:31

ಹೌದು, ಅಕ್ಕನ ಹಳೇ ಲ್ಯಾಪ್‌ಟಾಪ್‌ದು. 19 ವೋಲ್ಟ್, 3.42 ಆಂಪಿಯರ್. ಆಂಪ್‌ಗೆ 24ರ ತನಕ ಕೊಡಬಹುದು ಎಂದು ಬರೆದಿತ್ತು, ಅದಕ್ಕೆ ಹಾಕಿದೆ. ಎಲ್ಲರೂ ಹೀಗೇ ಮಾಡುತ್ತಾರಲ್ವಾ, ಅದಕ್ಕೇ ಹೇಳಲಿಲ್ಲ.

ಬೆಸುಗೆ_ಬಸಣ್ಣ · 8:33

ಅಯ್ಯೋ ಪುಣ್ಯಾತ್ಮ. ಶನಿವಾರ ರಾತ್ರಿಯೇ ಕೇಳಿದ್ದೆ.

ಆ ಚಾರ್ಜರ್‌ಗೆ ಮೂರು ಪಿನ್ ಇದೆ. ಇಂಥ ಹಲವು ಚಾರ್ಜರ್‌ಗಳಲ್ಲಿ ಹೊರಗೆ ಬರುವ ನೆಗೆಟಿವ್ ವೈರು ಒಳಗೇ ಅರ್ತ್‌ಗೆ ಸೇರಿರುತ್ತದೆ. ಅಂದರೆ ನಿನ್ನ ಆಂಪ್‌ಗೆ ಅರ್ತ್ ಸಿಕ್ಕಿತು. ಕಂಪ್ಯೂಟರ್‌ಗೆ ಅದರದ್ದೇ ಅರ್ತ್ ಇದೆ. ಆಕ್ಸ್ ಕೇಬಲ್‌ನ ಹೊರಗಿನ ಜಾಲರಿ ಇವೆರಡನ್ನೂ ಸೇರಿಸಿತು. ದೊಡ್ಡ ಉಂಗುರ ಆಯಿತು ನೋಡು, ಅದೇ ಗ್ರೌಂಡ್ ಲೂಪ್. ಕಂಪ್ಯೂಟರ್‌ನ ಗಲಾಟೆ, ಮನೆಯ 50 ಹರ್ಟ್ಜ್ ಎರಡೂ ಆ ಜಾಲರಿಯಲ್ಲಿ ಓಡಾಡುತ್ತವೆ. ಅದೇ ಜಾಲರಿ ಹಾಡಿನ ವಾಪಸ್ ದಾರಿ ಕೂಡ. ಆಂಪ್‌ಗೆ ಯಾವುದು ಹಾಡು, ಯಾವುದು ಕಸ ಎಂದು ಹೇಗೆ ಗೊತ್ತಾಗಬೇಕು?

ಡಾಂಗಲ್ ಯಾಕೆ ಕೆಲಸ ಮಾಡಲಿಲ್ಲ ಅಂದರೆ, ಯುಎಸ್‌ಬಿಯ ನೆಗೆಟಿವ್ ಕೂಡ ಅದೇ ಕ್ಯಾಬಿನೆಟ್‌ಗೆ ಸೇರಿದೆ. 7,500ರದ್ದು ತಂದಿದ್ದರೂ ಹೆಚ್ಚು ಕಡಿಮೆ ಇದೇ ಗತಿ.

ಈಗ ಪರೀಕ್ಷೆ. ಫೋನನ್ನು ಅದರ ಚಾರ್ಜರ್‌ನಿಂದ ಬಿಡಿಸಿ ಆಂಪ್‌ಗೆ ಹಾಕು, ಅದಕ್ಕೆ ಅರ್ತ್ ಇಲ್ಲ, ಉಂಗುರ ಆಗುವುದಿಲ್ಲ. ಆಮೇಲೆ ಮನೆಯಲ್ಲಿ ಎರಡು ಪಿನ್ ಇರುವ 12 ವೋಲ್ಟ್ ಅಡಾಪ್ಟರ್ ಇದ್ದರೆ ಅದನ್ನು ಆಂಪ್‌ಗೆ ಕೊಟ್ಟು ಕಂಪ್ಯೂಟರ್ ಹಾಕು. ಅಡಾಪ್ಟರ್ ಮೇಲೆ ಚೌಕದೊಳಗೆ ಚೌಕದ ಗುರುತು ಇರಬೇಕು. ಅಂದರೆ ಡಬಲ್ ಇನ್ಸುಲೇಷನ್, ಅರ್ತ್ ಬೇಕಿಲ್ಲದೆಯೇ ಸುರಕ್ಷಿತ. ಪಿನ್ ಕಿತ್ತದ್ದಕ್ಕೂ ಇದಕ್ಕೂ ಇರುವ ವ್ಯತ್ಯಾಸ ಇದೇ, ಕೋರಮಂಗಲದವರು ಓದಿಕೊಳ್ಳಲಿ.

ಹನುಮಂತನಗರ_ಹುಡುಗ · 9:02

ಫೋನ್ ಹಾಕಿದರೆ ನಿಶ್ಶಬ್ದ!

ಮನೆಯಲ್ಲಿ ಎರಡು ಪಿನ್‌ದು ರೌಟರ್ ಅಡಾಪ್ಟರ್ ಮಾತ್ರ ಇತ್ತು, 12 ವೋಲ್ಟ್ 2 ಆಂಪಿಯರ್. ಅದನ್ನೇ ಕಿತ್ತು ಹಾಕಿದೆ. ಕಂಪ್ಯೂಟರ್‌ನಿಂದಲೂ ಸದ್ದಿಲ್ಲ. ಆಂಪ್ ಆನ್ ಆಗಿದೆಯೋ ಇಲ್ಲವೋ ಅಂತ ಟ್ವೀಟರ್‌ಗೆ (ಸ್ಪೀಕರ್‌ನಲ್ಲಿ ತೆಳು ದನಿ ಕೊಡುವ ಸಣ್ಣ ಭಾಗ) ಕಿವಿ ಇಟ್ಟು ಕೇಳಿದೆ. ಸಣ್ಣಗೆ ಸ್‌ಸ್‌ಸ್ ಅಷ್ಟೇ. ಮೌಸ್ ಎಷ್ಟು ತಿರುಗಿಸಿದರೂ ಏನಿಲ್ಲ. ಜೋರು ಮಾಡಿ ಡೊಳ್ಳು ಕುಣಿತ ಹಾಕಿದರೆ ಮಾತ್ರ ಆಂಪ್ ಒಂದು ಸೆಕೆಂಡ್ ಆಫ್ ಆಗಿ ಆನ್ ಆಗುತ್ತದೆ.

ಬೆಸುಗೆ_ಬಸಣ್ಣ · 9:10

2 ಆಂಪಿಯರ್ ಡೊಳ್ಳಿಗೆ ಸಾಲದು. 12 ವೋಲ್ಟ್ 5 ಆಂಪಿಯರ್‌ದು ತಗೋ, ಎರಡು ಪಿನ್‌ದೇ ಇರಲಿ, ಸರ್ಕಾರಿ ಗುಣಮಟ್ಟದ ಬಿಐಎಸ್ ನಂಬರ್ ಇರಲಿ. 24 ವೋಲ್ಟಿನ ದೊಡ್ಡವು ಹೆಚ್ಚಾಗಿ ಮೂರು ಪಿನ್ನಿನವು, ಮತ್ತೆ ಇದೇ ಕಥೆ ಆಗುತ್ತದೆ. ಸಿಗದಿದ್ದರೆ ಆಕ್ಸ್ ಮಧ್ಯೆ ಗ್ರೌಂಡ್ ಲೂಪ್ ಐಸೋಲೇಟರ್ ಹಾಕು, ಒಳಗೆ ಎರಡು ಪುಟ್ಟ ಟ್ರಾನ್ಸ್‌ಫಾರ್ಮರ್ ಇರುತ್ತವೆ, ಉಂಗುರ ತುಂಡಾಗುತ್ತದೆ. ಅಗ್ಗದ್ದಾದರೆ ಬಾಸ್ ಸ್ವಲ್ಪ ತಿನ್ನುತ್ತದೆ. ಇನ್ನೊಂದು, ವಿಂಡೋಸ್ ವಾಲ್ಯೂಮ್ ಎಷ್ಟರಲ್ಲಿ ಇಟ್ಟಿದ್ದೀಯಾ?

ಹನುಮಂತನಗರ_ಹುಡುಗ · 9:12

30. ಆಂಪ್ ಫುಲ್.

ಬೆಸುಗೆ_ಬಸಣ್ಣ · 9:13

ಉಲ್ಟಾ. ವಿಂಡೋಸ್ 90ರ ಮೇಲೆ ಇಡು, ಆಂಪ್ ನಾಬ್ ಇಳಿಸು. ಫುಲ್ ಇಟ್ಟರೆ ಕಸವೂ ಫುಲ್ ಆಗಿ ಕೇಳುತ್ತದೆ.

ವಾಲ್ವ್_ವೆಂಕಟ · 9:20

ಸ್ಪೀಕರ್ ಮೇಜಿನ ಮೇಲೆ ಮಲಗಿಸಿದ್ದಾನೆ, ಫೋಟೋದಲ್ಲಿ ಯಾರೂ ನೋಡಲಿಲ್ಲವಾ? ನಿಲ್ಲಿಸಿ, ಕೆಳಗೆ ಎರಡು ಹಳೇ ನಿಘಂಟು ಇಡು. ಟ್ವೀಟರ್ ಕಿವಿ ಮಟ್ಟಕ್ಕೆ ಬರಲಿ. 1,800ರ ಆಂಪ್ ಆದರೂ ಆಗ ಸ್ವಲ್ಪ ಮನುಷ್ಯರ ಹಾಗೆ ಹಾಡುತ್ತದೆ.

ಹನುಮಂತನಗರ_ಹುಡುಗ · 9:31

ಮಾಡುತ್ತೇನೆ ಸರ್. ಸದ್ಯ ಅಕ್ಕ ಬಾಗಿಲು ಬಡಿಯುತ್ತಿದ್ದಾಳೆ. 9:30ಕ್ಕೆ ಅವಳಿಗೆ ಆಫೀಸ್ ಮೀಟಿಂಗ್ ಇತ್ತಂತೆ, ಇಂಟರ್ನೆಟ್ ಇಲ್ಲವಂತೆ. ಇದನ್ನು ಫೋನ್ ಡೇಟಾದಲ್ಲಿ ಬರೆಯುತ್ತಿದ್ದೇನೆ. ರೌಟರ್ ಅಡಾಪ್ಟರ್ ವಾಪಸ್ ಹಾಕಿದೆ, ಭಾನುವಾರದ ತನಕ ಮತ್ತೆ ಗುಂಯ್.

ಎಸ್‌ಪಿ_ರೋಡ್_ಖಾಯಂ · 9:40

ಭಾನುವಾರ ಅಲ್ಲಿ ಅಂಗಡಿ ತೆಗೆದಿರುವುದು ಕಡಿಮೆ. ಶನಿವಾರ ಬಾ, ನಾನೂ ಬರುತ್ತೇನೆ. ರೇಟ್ ನಾನು ಮಾತಾಡುತ್ತೇನೆ, ನೀನು ಸುಮ್ನಿರು.

ಡ್ಯಾಕ್_ದಾಸ · ಬುಧವಾರ ಬೆಳಿಗ್ಗೆ 6:55

ಆ ಡಾಂಗಲ್ ಮಾರುತ್ತೀಯಾ? 500 ಕೊಡುತ್ತೇನೆ.

ಹನುಮಂತನಗರ_ಹುಡುಗ · 7:15

900.