ಸೊನ್ನೆ ಬಂದರೆ ಸಾಕಾ?

ಚಿಕ್ಕಪ್ಪ: 📷 "ಎಫ್ ಡಬಲ್ ಡ್ಯಾಶ್ = 0 ಆದ ಕಡೆಯೆಲ್ಲ ಇನ್‌ಫ್ಲೆಕ್ಷನ್ ಪಾಯಿಂಟ್!"
ಪುಟ್ಟ, ನಾಡಿದ್ದು ಪರೀಕ್ಷೆ ಅಲ್ವಾ, ಇದನ್ನ ಬಾಯಿಪಾಠ ಮಾಡ್ಕೋ. ಎಫ್ ಡಬಲ್ ಡ್ಯಾಶ್ ಅಂದ್ರೆ ಎಫ್‌ನ ಎರಡು ಸಲ ಡಿಫರೆನ್ಷಿಯೇಟ್ ಮಾಡಿದ್ದು, ಇನ್‌ಫ್ಲೆಕ್ಷನ್ ಪಾಯಿಂಟ್ ಅಂದ್ರೆ ಗ್ರಾಫ್ ಬಾಗೋ ದಿಕ್ಕು ಬದಲಾಗೋ ಜಾಗ.

ಅಕ್ಕ: ಚಿಕ್ಕಪ್ಪ, ಇದು ತಪ್ಪು. ಪುಟ್ಟ, ಬರ್ಕೋಬೇಡ.

ಚಿಕ್ಕಪ್ಪ: ಹೇಗಮ್ಮ ತಪ್ಪು? ಡಬಲ್ ಡ್ಯಾಶ್ ಪ್ಲಸ್ ಇದ್ರೆ ಕಾನ್ಕೇವ್ ಅಪ್, ಅಂದ್ರೆ ಗ್ರಾಫ್ ಮೇಲಕ್ಕೆ ಬಾಗಿರುತ್ತೆ; ಮೈನಸ್ ಇದ್ರೆ ಕಾನ್ಕೇವ್ ಡೌನ್, ಕೆಳಕ್ಕೆ ಬಾಗಿರುತ್ತೆ. ಪ್ಲಸ್ಸಿಂದ ಮೈನಸ್ಸಿಗೆ ಹೋಗೋವಾಗ ಮಧ್ಯೆ ಸೊನ್ನೆ ಬರಲೇಬೇಕಲ್ಲ.

ಅಕ್ಕ: ಸೊನ್ನೆ ಮುಟ್ಟಿದ್ದೆಲ್ಲ ಆಚೆ ದಾಟುತ್ತೆ ಅಂತೇನಿಲ್ಲ. ಎಕ್ಸ್‌ನ 4ನೇ ಘಾತ ತಗೊಳ್ಳಿ. ಡಬಲ್ ಡ್ಯಾಶ್ 12 ಎಕ್ಸ್ ಸ್ಕ್ವೇರ್. ಎಕ್ಸ್ = 0 ಹಾಕಿದ್ರೆ ಸೊನ್ನೆ. ಎಡಕ್ಕೆ -1 ಹಾಕಿ, 12. ಬಲಕ್ಕೆ 1 ಹಾಕಿ, ಅದೂ 12. ಎರಡೂ ಕಡೆ ಪ್ಲಸ್ಸೇ.

ಅಕ್ಕ: ಆ ಗ್ರಾಫೇ ರಸ್ತೆ ಅನ್ಕೊಂಡು ಎಡದಿಂದ ಬಲಕ್ಕೆ ಗಾಡಿ ಓಡಿಸಿ. ಸ್ಟೀರಿಂಗ್ ಎಡಕ್ಕೇ ತಿರುಗಿರುತ್ತೆ, 0 ಹತ್ರ ಒಂದು ಕ್ಷಣ ನೇರ ಆಗುತ್ತೆ, ಮತ್ತೆ ಎಡಕ್ಕೇ. ಬಲಕ್ಕೆ ತಿರುಗಿಸಿದ್ರೆ ಮಾತ್ರ ಇನ್‌ಫ್ಲೆಕ್ಷನ್.

ಪುಟ್ಟ: ಎಕ್ಸ್ ಕ್ಯೂಬ್‌ಗೆ ಸರಿ ಬರುತ್ತಲ್ಲ?

ಅಕ್ಕ: ಬರುತ್ತೆ. ಅಲ್ಲಿ 6 ಎಕ್ಸ್, ಎಡಕ್ಕೆ ಮೈನಸ್, ಬಲಕ್ಕೆ ಪ್ಲಸ್.

ಪುಟ್ಟ: ಅಕ್ಕ, ಪ್ಲಸ್ ಅಂದ್ರೆ ಗ್ರಾಫ್ ಏರ್ತಿದೆ ಅಂತಾನಾ?

ಅಕ್ಕ: ಅಲ್ಲ ಕಣೋ, ಇಲ್ಲೇ ತುಂಬಾ ಜನ ಎಡವೋದು. ಏರ್ತಿರೋದು ಸ್ಲೋಪ್, ಅಂದ್ರೆ ಗ್ರಾಫಿನ ಇಳಿಜಾರು. ಎಕ್ಸ್ ಸ್ಕ್ವೇರ್‌ಗೆ -3, -2, -1ರಲ್ಲಿ ಸ್ಲೋಪ್ -6, -4, -2. ಗ್ರಾಫ್ ಇಳೀತಾನೇ ಇದೆ, ಆದ್ರೂ ಕಾನ್ಕೇವ್ ಅಪ್.

ಚಿಕ್ಕಪ್ಪ: ಇದೆಲ್ಲ ನೋಡ್ತಾ ಕೂತ್ರೆ ಪರೀಕ್ಷೇಲಿ ಟೈಮ್ ಸಾಲಲ್ಲಮ್ಮ. ಸೊನ್ನೆ ಹುಡುಕಿದ್ರೆ ಒಂದೂ ತಪ್ಪಿ ಹೋಗಲ್ಲ, ಅಷ್ಟಾದ್ರೂ ಒಪ್ಕೋ.

ಅಕ್ಕ: ಅದನ್ನೂ ಒಪ್ಪಲ್ಲ ಚಿಕ್ಕಪ್ಪ. ಎಕ್ಸ್‌ನ ಘನಮೂಲ ನೋಡಿ. ಅದರ ಡಬಲ್ ಡ್ಯಾಶ್ ಎಲ್ಲೂ ಸೊನ್ನೆ ಆಗಲ್ಲ, ಎಕ್ಸ್ = 0 ಆದಾಗ ಅದಕ್ಕೆ ಬೆಲೆಯೇ ಇಲ್ಲ. ಆದ್ರೂ ಎಡಕ್ಕೆ ಪ್ಲಸ್, ಬಲಕ್ಕೆ ಮೈನಸ್. ನಿಮ್ಮ ಸೂತ್ರಕ್ಕೆ ಈ ಇನ್‌ಫ್ಲೆಕ್ಷನ್ ಸಿಗೋದೇ ಇಲ್ಲ. ಸೊನ್ನೆ ಆಗೋ ಜಾಗ, ಬೆಲೆ ಇಲ್ಲದ ಜಾಗ ಎರಡನ್ನೂ ಗುರುತು ಮಾಡಿ, ಅಕ್ಕಪಕ್ಕ ಚಿಹ್ನೆ ನೋಡ್ಬೇಕು. ಅರ್ಧ ನಿಮಿಷದ ಕೆಲಸ.

ಚಿಕ್ಕಪ್ಪ: ಘನಮೂಲ ನಂಗೆ ಹೊಳೆದಿರ್ಲಿಲ್ಲ. ಸರಿ, ಪುಟ್ಟನಿಗೆ ಒಂದು ಲೆಕ್ಕ ಕೊಡು, ನೋಡೋಣ.

ಅಕ್ಕ: ಎಕ್ಸ್‌ನ 4ನೇ ಘಾತ ಮೈನಸ್ 6 ಎಕ್ಸ್ ಸ್ಕ್ವೇರ್.

ಪುಟ್ಟ: ಡಬಲ್ ಡ್ಯಾಶ್ 12 ಎಕ್ಸ್ ಸ್ಕ್ವೇರ್ ಮೈನಸ್ 12. 1 ಮತ್ತು -1ರಲ್ಲಿ ಸೊನ್ನೆ. -2 ಹಾಕಿದ್ರೆ 36, 0 ಹಾಕಿದ್ರೆ -12, 2 ಹಾಕಿದ್ರೆ ಮತ್ತೆ 36. ಚಿಹ್ನೆ ಎರಡು ಕಡೆನೂ ಬದಲಾಯ್ತು. ಎರಡೂ ಇನ್‌ಫ್ಲೆಕ್ಷನ್!

_ಚಿಕ್ಕಪ್ಪ ಈ ಸಂದೇಶವನ್ನು ಅಳಿಸಿದ್ದಾರೆ_

ಚಿಕ್ಕಪ್ಪ: ಚಿತ್ರ ತೆಗೆದೆ. ನಂಗೆ ಕಳಿಸಿದವರಿಗೂ ಘನಮೂಲದ ವಿಷಯ ಬರೀತೀನಿ.