ರೋಲ್‌ಪ್ಲೇ ಆಟದಲ್ಲಿ ‘ಒಳ್ಳೇ ರೂಲು’ ಅಂತ ಒಂದಿದೆಯಾ, ಇಲ್ಲಾ ಎಲ್ಲಾ ಅವರವರ ರುಚಿನಾ?

ಹತ್ತುಮುಖ_ದಾಳ (ಸರಸ್ವತಿಪುರಂ)
ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕತೆ ಆಡೋ ನಮ್ಮ ಭಾನುವಾರದ ಟೇಬಲ್‌ಗೆ ಯಾವ ರೂಲ್ ಪುಸ್ತಕ ತರಿಸೋಣ ಅಂದ್ರೆ ‘ಅವರವರ ರುಚಿ’ ಅಂತ ಹೇಳಿ ಎದ್ದುಹೋಗ್ತೀರಿ. ಒಂದು ಲೆಕ್ಕ ಇಡ್ತೀನಿ, ರುಚಿ ಅಂತ ತೋರಿಸಿ. 1991ರ ವ್ಯಾಂಪೈರ್: ದಿ ಮಾಸ್ಕ್ವರೇಡ್ ಅನ್ನೋ ಆಟ. ಪಾತ್ರದ ಮೈಗುಣ, ಕಲಿಕೆ ಎರಡನ್ನೂ ಕೂಡಿಸಿದರೆ ಎಷ್ಟೋ ಅಷ್ಟು ಹತ್ತು ಮುಖದ ದಾಳ. ಆಟ ನಡೆಸೋನು ಇಟ್ಟ ಗುರಿ ಸಂಖ್ಯೆ ಮುಟ್ಟಿದ ಪ್ರತಿ ದಾಳ ಒಂದು ಗೆಲುವು. 1 ಬಿದ್ದರೆ ಒಂದು ಗೆಲುವು ವಜಾ. ಗೆಲುವಿಗಿಂತ 1ಗಳೇ ಜಾಸ್ತಿ ಆದರೆ ‘ಬಾಚ್’, ಬರೀ ಸೋಲಲ್ಲ, ಅನಾಹುತ. ಗುರಿ 10 ಇಡಿ. ಒಂದು ದಾಳಕ್ಕೆ ಬಾಚ್ 10%, ಎರಡಕ್ಕೆ 17%, ಮೂರಕ್ಕೆ 22%, ಐದಕ್ಕೆ 28% ದಾಟುತ್ತೆ. ಕಲಿತಷ್ಟೂ ಅನಾಹುತ ಜಾಸ್ತಿ. ಇದು ದೋಷ.

ಆಲೆಮನೆ_ಮಂಡ್ಯ
‘ದೋಷ’ ಅಂತೆ. ಯಾರಿಗೆ ಗುರು ದೋಷ? ರಕ್ತ ಕುಡ್ಕೊಂಡು ಒದ್ದಾಡೋರ ಕತೆ ಅದು, ದೊಡ್ಡೋನು ಬಿದ್ರೆ ಧಡಾರಂತ್ಲೇ ಬೀಳ್ಬೇಕು. ಕೆಲವ್ರಿಗೆ ಅಚ್ಚು ಬೆಲ್ಲ, ಕೆಲವ್ರಿಗೆ ಉಂಡೆ ಬೆಲ್ಲ.

ಹತ್ತುಮುಖ_ದಾಳ
ಬೆಲ್ಲದ ಮಾತೇ ಆಗ್ಲಿ. ಅಚ್ಚೋ ಉಂಡೆಯೋ ರುಚಿ, ಒಪ್ಪಿದೆ. ಹದ ಬರೋಕೆ ಮುಂಚೆ ಕೊಪ್ಪರಿಗೆ ಇಳಿಸಿ ಬೆಲ್ಲ ಕಟ್ಟದೇ ಹೋದ್ರೆ ಅದೂ ರುಚಿನಾ?

ಆಲೆಮನೆ_ಮಂಡ್ಯ
ಕಟ್ಟದೇ ಇರೋ ಪಾಕಾನ ದೋಸೆಗೆ ನೆಂಚ್ಕೊಂಡು ತಿಂತಾರೆ ಸಾಮಿ. ಮೈಸೂರ್ನೋರಿಗೆ ಇದೆಲ್ಲ ಎಲ್ ಗೊತ್ತಾಗ್ಬೇಕು.

ಕೀಪರ್_ಕುವೆಂಪುನಗರ
ದಾಳದವರೇ, ಅರ್ಧ ಲೆಕ್ಕ ಮುಚ್ಚಿಟ್ರಲ್ಲ. ಗುರಿ 10 ಆದ್ರೆ 10 ಬೀಳೋದಕ್ಕೂ 1 ಬೀಳೋದಕ್ಕೂ ಅವಕಾಶ ಒಂದೇ. ಹಾಗಾಗಿ ಗೆಲುವೂ ಅದೇ 10ರಿಂದ 28ಕ್ಕೆ ಏರುತ್ತೆ. ಕಮ್ಮಿ ಆಗೋದು ಏನೂ ಆಗದೆ ಉಳಿಯೋ ಪಾಲು ಮಾತ್ರ. ಅಲ್ಲದೆ 1998ರ ಪರಿಷ್ಕೃತ ಆವೃತ್ತಿಯಲ್ಲಿ ಸರಿಮಾಡಿದ್ರು: ಒಂದೇ ಒಂದು ಗೆಲುವು ಬಿದ್ದಿದ್ರೂ ಬಾಚ್ ಇಲ್ಲ. ಮಾಮೂಲಿ ಗುರಿ 6ಕ್ಕೆ ಹಾಕಿ ನೋಡಿ, ಒಂದು ದಾಳಕ್ಕೆ 10%, ಮೂರಕ್ಕೆ 6.1%, ಐದಕ್ಕೆ 2.1%.

ನಿಜವಾದ ದೋಷ ಬೇಕಾದ್ರೆ ನಾನೇ ನಡೆಸೋ ಆಟದಲ್ಲಿದೆ. ಕಾಲ್ ಆಫ್ ಕ್ಥುಲು, 1981ರದ್ದು, ನೂರರ ದಾಳ. ಕೊಲೆಗಾರನ ಮನೆಗೆ ದಾರಿ ತೋರಿಸೋದು ಒಂದೇ ಕಾಗದ, ಅದು ಸಿಗೋಕೆ ‘ಸ್ಪಾಟ್ ಹಿಡನ್’ (ಬಚ್ಚಿಟ್ಟದ್ದನ್ನ ಪತ್ತೆ ಹಚ್ಚೋ ವಿದ್ಯೆ) 60% ಅಂತಿಟ್ಕೊಳ್ಳಿ. ಹತ್ತರಲ್ಲಿ ನಾಲ್ಕು ಸಲ ಕತೆ ಅಲ್ಲೇ ನಿಂತುಹೋಗುತ್ತೆ. ಅದೇ ವಿಷಯಕ್ಕೆ ಮೂರು ಬೇರೆ ಬೇರೆ ಸುಳಿವು ಇಟ್ರೆ ಮೂರೂ ತಪ್ಪೋದು 6.4% ಮಾತ್ರ. 2007ರಲ್ಲಿ ಬಂದ ಗಮ್‌ಶೂ ಪದ್ಧತಿ ಇನ್ನೂ ಮುಂದೆ ಹೋಯ್ತು: ಸರಿಯಾದ ವಿದ್ಯೆ ಇರೋನು ಸರಿಯಾದ ಜಾಗದಲ್ಲಿ ಹುಡುಕಿದ್ರೆ ಮುಖ್ಯ ಸುಳಿವು ಸಿಕ್ಕೇ ಸಿಗುತ್ತೆ, ದಾಳವೇ ಇಲ್ಲ. ಚರ್ಚೆ ಇದರ ಮೇಲಾಗ್ಲಿ.

ಹತ್ತುಮುಖ_ದಾಳ
‘ಸರಿಮಾಡಿದ್ರು’. ಅಂದ್ರೆ ಕೆಟ್ಟಿತ್ತು. ಥ್ಯಾಂಕ್ಸ್ ಸರ್, ನನ್ನ ಕಡೆ ಸಾಕ್ಷಿ ಹೇಳಿದ್ದಕ್ಕೆ.

ಮದ್ದೂರ್_ವಡೆ
ಏನ್ ಸರಿಮಾಡಿದ್ರು? 6ರ ಲೆಕ್ಕ ತೋರಿಸಿ ಕೀಪರ್ ಸಾಹೇಬ್ರು ಮೆಲ್ಲಗೆ ಜಾರ್ಕೊಂಡ್ರು. 1998ರ ರೂಲನ್ನೇ ಗುರಿ 10ಕ್ಕೆ ಹಾಕಿ: ಒಂದು, ಎರಡು, ಮೂರು ದಾಳಕ್ಕೆ ಬಾಚ್ ಶೇಕಡಾ 10, 17, 21.7, ಐದು ದಾಳಕ್ಕೆ 26.3, ಆರಕ್ಕೆ 26.9. ಏಳನೇ ದಾಳದಿಂದ ಇಳಿಯೋಕೆ ಶುರು, ಅದೂ ಕೂದಲೆಳೆಯಷ್ಟು. 9ಕ್ಕೆ ಹಾಕಿದ್ರೂ 10, 15, 16.9.

ಕೀಪರ್_ಕುವೆಂಪುನಗರ
ಗುರಿ 10 ದಿನಾ ಇಡೋನು ಸ್ಟೋರಿಟೆಲ್ಲರೇ (ಆಟ ನಡೆಸೋನೇ) ಅಲ್ಲ. ತಪ್ಪು ನಡೆಸೋನದ್ದು. ಸುಳಿವಿನ ವಿಷಯಕ್ಕೆ ಬನ್ನಿ.

ಮದ್ದೂರ್_ವಡೆ
ಆಹಾ. ಲೆಕ್ಕ ಸರಿ ಬಂದ್ರೆ ಪುಸ್ತಕದ ಜಾಣತನ, ತಪ್ಪಿದ್ರೆ ನಡೆಸೋನ ದಡ್ಡತನ. ಗುರಿ 2ರಿಂದ 10ರವರೆಗೆ ಇಡಬಹುದು ಅಂತ ಬಿಟ್ಟಿದ್ದು ಪುಸ್ತಕವೇ ಅಲ್ವಾ?

ಚೌಕಾಬಾರ_ಅಕ್ಕ
ದಾಳ ಸಮ ಇದ್ರೇನೇ ಆಟ ಒಳ್ಳೇದು ಅನ್ನೋ ಹಾಗಿದೆ ನಿಮ್ಮ ವಾದ. ಚೌಕಾಬಾರ ನೋಡಿ. ನಾಲ್ಕೂ ಅಂಗಾತ ಬಿದ್ರೆ ಚೌಕ, ನಾಲ್ಕು ಮನೆ. ನಾಲ್ಕೂ ಬೋರಲಾದ್ರೆ ಬಾರ, ಎಂಟು ಮನೆ. ಎರಡಕ್ಕೂ ಮತ್ತೊಂದು ಆಟ. ಸಮ ಬೀಳೋದಾದ್ರೆ ತಲಾ 6.25%. ಆದ್ರೆ ಹುಣಸೆ ಬೀಜ ಒಂದು ಕಡೆ ನೆಲಕ್ಕೆ ಉಜ್ಜಿ ಬಿಳಿ ಮಾಡ್ಕೊಂಡು ಆಡ್ತೀವಲ್ಲ, ಅದು ಸಮ ಬೀಳುತ್ತಾ? ಹತ್ತಕ್ಕೆ ಆರು ಸಲ ಬಿಳಿ ಬಿದ್ರೆ ಚೌಕ 13% ಹತ್ತಿರ, ಬಾರ 2.6%. ಐದು ಪಟ್ಟು ವ್ಯತ್ಯಾಸ. ಚೌಕಾಬಾರ ಕೆಟ್ಟ ಆಟ ಅಂತ ಮೈಸೂರಲ್ಲಿ ಯಾರಾದ್ರೂ ಅಂದಿದ್ದಾರಾ? ಟೇಬಲ್ ಒಪ್ಪಿದ್ದೇ ಒಳ್ಳೇದು.

ಹತ್ತುಮುಖ_ದಾಳ
ಅಕ್ಕ, ಅಲ್ಲಿ ಎಲ್ಲರ ಕೈಗೂ ಅವೇ ನಾಲ್ಕು ಬೀಜ. ವಾಲಿದ್ರೂ ಎಲ್ಲರಿಗೂ ಒಂದೇ ಕಡೆ ವಾಲುತ್ತೆ. ನಾನು ಹೇಳಿದ್ದು ‘ಕಲಿತೋನು ಮೇಲು’ ಅಂತ ಮಾತು ಕೊಟ್ಟು ಅದನ್ನ ಮುರಿಯೋ ರೂಲಿನ ಬಗ್ಗೆ. ಚೌಕಾಬಾರ ಅಂಥ ಮಾತೇ ಕೊಟ್ಟಿಲ್ಲ.

ಆಲೆಮನೆ_ಮಂಡ್ಯ
ಬಿಳಿ ಹತ್ತಕ್ಕೆ ಆರಾ? ಉಜ್ಜಿದ್ ಕಡೆ ಚಪ್ಪಟೆ ಆಯ್ತದೆ, ಚಪ್ಪಟೆ ಕಡೆ ನೆಲಕ್ಕೆ ಕೂರ್ತದೆ. ಕಪ್ಪೇ ಜಾಸ್ತಿ ಬೀಳ್ಬೇಕು. ಅಕ್ಕಂದು ಲೆಕ್ಕ ತಲೆಕೆಳಗು.

ಚೌಕಾಬಾರ_ಅಕ್ಕ
ನೀವು ಹೇಳ್ತಿರೋದು ಅರ್ಧಕ್ಕೆ ಸೀಳಿದ ಬೀಜ. ಸಿಪ್ಪೆ ಹೋಗುವಷ್ಟು ಉಜ್ಜಿದ್ದು ಬೇರೆ. ಬಿದ್ರೆ ಅಂತ ಉದಾಹರಣೆ ಕೊಟ್ಟೆ ಅಷ್ಟೆ, ಓದಕ್ಕೆ ಬರುತ್ತಲ್ಲ?

ಆಲೆಮನೆ_ಮಂಡ್ಯ
ಓದಕ್ಕೂ ಬತ್ತದೆ, ಬೀಜ ಉಜ್ಜಕ್ಕೂ ಬತ್ತದೆ. ಸಿಪ್ಪೆ ಮಾತ್ರ ಹೋಗಿ ತಿರುಳು ಸವೀದಂಗೆ ಯಾರ್ ಉಜ್ತಾರೆ ತೋರ್ಸಿ.

ಮದ್ದೂರ್_ವಡೆ
ಉಜ್ಜಿದ ತಕ್ಷಣ ಎಸೀಬೇಡಿ, ಬೆಚ್ಚಗಿರುತ್ತೆ, ಕೈ ಸುಡುತ್ತೆ. 😄 ನೂರು ಸಲ ಎಸೆದು ಬರೆದಿಡಿ, ಜಗಳ ಮುಗಿಯುತ್ತೆ.

ಚೌಕಾಬಾರ_ಅಕ್ಕ
ನೂರು ಸಾಲದು. ನೂರಕ್ಕೆ ಹತ್ತು ಆಚೆ ಈಚೆ ಸಹಜವಾಗೇ ಬರಬಹುದು, 60 ಬಿದ್ರೂ ಬೀಜ ವಾಲಿದೆ ಅಂತ ಖಂಡಿತ ಹೇಳಕ್ಕಾಗಲ್ಲ. ಸಾವಿರ ಎಸೀರಿ. ಪ್ರತಿ ಬೀಜಕ್ಕೂ ಬೇರೆ ಬೇರೆ ಲೆಕ್ಕ ಇಡಿ, ನಾಲ್ಕನ್ನೂ ಸೇರಿಸಿ ಬರೆದ್ರೆ ಯಾವುದು ವಾಲಿದೆ ಅಂತ ತಿಳಿಯಲ್ಲ.

ಹತ್ತುಮುಖ_ದಾಳ
ನೋಡಿ, ಟೇಬಲ್ ಒಪ್ಪಿದ್ದೇ ಒಳ್ಳೇದು ಅಂದವರು ಈಗ ಸಾವಿರ ಸಲ ಅಳೀರಿ ಅಂತಿದ್ದಾರೆ. ಅಳೀಬಹುದು ಅಂದ್ಮೇಲೆ ರುಚಿ ಎಲ್ಲಿ ಬಂತು?

ಚೌಕಾಬಾರ_ಅಕ್ಕ
ಅಳೆಯೋದು ಬೀಜವನ್ನ. ಆಟವನ್ನಲ್ಲ. ಉಪ್ಪು ಎಷ್ಟು ಚಮಚ ಅಂತ ಎಣಿಸಬಹುದು, ಸಾರು ಚೆನ್ನಾಗಿದೆಯಾ ಅನ್ನೋದು ಉಣ್ಣೋನು ಹೇಳ್ಬೇಕು.

ಮದ್ದೂರ್_ವಡೆ
ಒಂದು ಹಿಡಿ ಉಪ್ಪು ಹಾಕಿದ ಸಾರನ್ನ ಯಾರೂ ಚೆನ್ನಾಗಿದೆ ಅನ್ನಲ್ಲ ಅಕ್ಕ.

ಆಲೆಮನೆ_ಮಂಡ್ಯ
ಎಷ್ಟ್ ಜನರ ಸಾರಿಗೆ ಒಂದ್ ಹಿಡಿ ಅನ್ನೋದ್ರ ಮೇಲೆ ಹೋಯ್ತದೆ. ಮದ್ವೆ ಮನೆ ಕೊಪ್ಪರಿಗೆಗೆ ಒಂದ್ ಹಿಡಿ ಎಲ್ ಸಾಕಾಯ್ತದೆ?

ಕೀಪರ್_ಕುವೆಂಪುನಗರ
ಮೂರನೇ ಸಲ ಕೇಳ್ತಿದ್ದೀನಿ. ಒಂದೇ ಸುಳಿವು, 60%, ತಪ್ಪಿದ್ರೆ ಕತೆ ನಿಂತುಹೋಗುತ್ತೆ. ಇದು ರುಚಿಯೋ ದೋಷವೋ, ಯಾರಾದ್ರೂ ಒಂದು ಮಾತು ಹೇಳ್ತೀರಾ?

ಆಲೆಮನೆ_ಮಂಡ್ಯ
ನೀವ್ ಕೇಳಿದ್ದು ಎರಡ್ನೇ ಸಲ ಸಾರ್, ಮೂರ್ನೇದಲ್ಲ. ಮೇಲೆ ಹೋಗಿ ಎಣಿಸ್ಕೊಳಿ.